ಅಡ್ಡ ನಿಂತ ಬಸ್ಸು

"ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಿ," ಎಂದು ಕೆಳಗಿನಿಂದ ಕಂಡಕ್ಟರ್ ಕೂಗಿದ.

"ಯಾರ ಎಡ ಮಾಮ? ನಿಮ್ಮದಾ, ನಮ್ಮದಾ?"

ಕೇಳಿದವನು ಮನೆಯ ಅಳಿಯ. ಶವಪೆಟ್ಟಿಗೆಯ ತಲೆಭಾಗ ಅವನ ಹೆಗಲ ಮೇಲಿತ್ತು. ಕಾಲಿನ ಕಡೆ ಹಿಡಿದಿದ್ದ ಎದುರುಮನೆಯ ಟೈಲರ್ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಅಂಟಿಕೊಂಡು ಏದುಸಿರು ಬಿಡುತ್ತಿದ್ದ. ತೀರಿಕೊಂಡವನು ಮದುವೆಯಾದ ಹೊಸದರಲ್ಲಿ ಈ ಮನೆಗೆ ಮಂಚ ತಂದಾಗಲೂ ಅದು ಇದೇ ತಿರುವಿನಲ್ಲಿ ಅರ್ಧ ದಿನ ಸಿಕ್ಕಿಕೊಂಡಿತ್ತಂತೆ.

"ಯಾರದ್ದಾದ್ರೇನಪ್ಪ, ಗೋಡೆ ಇಲ್ಲದ ಕಡೆ. ಹಾಂ, ಈಗ ಸರಿ ಬಂತು. ರೈಟ್, ರೈಟ್!"

ಬಸ್ಸಿನ ಬಾಗಿಲಲ್ಲಿ ನಿಂತು 'ಹೊರಡು' ಎನ್ನಲು ವರ್ಷಗಟ್ಟಲೆ ಹೇಳಿದ ಮಾತು ಅವನ ಬಾಯಿಗೆ ತಾನಾಗಿ ಬಂದಿತ್ತು. ಮೇಲಿದ್ದವರಿಗೆ ಅದು ಹೊಳೆಯಲಿಲ್ಲ. ಇಬ್ಬರೂ ಒಮ್ಮೆಲೇ ಪೆಟ್ಟಿಗೆಯನ್ನು ಬಲಕ್ಕೆ ತಿರುಗಿಸಿದರು. ಅದು ಢಬ್ಬೆಂದು ಗೋಡೆಗೆ ಬಡಿದು, ಒಂದು ಹಿಡಿ ಸುಣ್ಣ ಉದುರಿತು.

ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಮೇಲಿನ ಬಾಗಿಲಿನಿಂದ ನಗು ಕೇಳಿಸಿತು. ಬೆಳಗಿನಿಂದ ಒಂದು ಮಾತೂ ಆಡದೆ ಕೂತಿದ್ದ ಅವನ ಮುದಿ ಹೆಂಡತಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಣ್ಣಿಂದ ನೀರು ಧಾರಾಕಾರ ಹರಿಯುತ್ತಿತ್ತು.

"ಅಮ್ಮಾ, ಏನಮ್ಮಾ ಇದು?" ಮಗಳು ಗಾಬರಿಯಿಂದ ಅವಳ ತೋಳು ಹಿಡಿದಳು.

"ಬಲಕ್ಕೆ ಹೋಗೋದು ನಿಮ್ಮಪ್ಪಂಗೆ ಯಾವತ್ತೂ ಸುಲಭ ಆಗಲಿಲ್ಲ ನೋಡು," ಎಂದಳು ಮುದುಕಿ. "ಇವತ್ತೂ ಹಾಗೇ."

*

ಆ ವರ್ಷವನ್ನು ಕಂಡವರು ಈಗಲೂ ಇಸವಿ ಹೇಳುವುದಿಲ್ಲ, 'ಆ ವರ್ಷ' ಎನ್ನುತ್ತಾರೆ. ಅಷ್ಟಕ್ಕೇ ಎಲ್ಲರಿಗೂ ತಿಳಿಯುತ್ತದೆ.

ಚಳಿ ಇನ್ನೂ ಬಿಟ್ಟಿರಲಿಲ್ಲ. ವರ್ಷಗಟ್ಟಲೆ ದೇಶ ಆಳುತ್ತ ಕುರ್ಚಿ ಬಿಟ್ಟು ಅಲುಗದಿದ್ದ ಜನರಲ್ ಒಂದು ಬೆಳಿಗ್ಗೆ ಸಂಸಾರ ಸಮೇತ ವಿಮಾನ ಹತ್ತಿ ಹೊರಟುಹೋದ. ಮಧ್ಯಾಹ್ನದವರೆಗೂ ರೇಡಿಯೊದಲ್ಲಿ ಬರೀ ಪಿಟೀಲು. ಬಸ್ ಡಿಪೋದ ಗೋಡೆಯಿಂದ ಅವನ ಪಟ ಇಳಿಸಿದಾಗ ಅಲ್ಲೊಂದು ಬಿಳಿ ಚೌಕ ಉಳಿಯಿತು. ಇನ್ಯಾರ ಪಟ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಡಿಪೋದವರು ಅಲ್ಲೊಂದು ಗಡಿಯಾರ ನೇತುಹಾಕಿದರು. ಆಮೇಲೆ ಹೊಸ ಬಾವುಟ ಬಂತು, ಹೊಸ ರಾಷ್ಟ್ರಗೀತೆ ಬಂತು. ಸಿನಿಮಾ ಮುಗಿದ ಮೇಲೆ ಜನ ಎದ್ದು ನಿಂತು, ಮಾತು ಗೊತ್ತಿಲ್ಲದೆ ತುಟಿಯನ್ನಷ್ಟೇ ಆಡಿಸುತ್ತಿದ್ದರು. ಜೈಲುಗಳು ತೆರೆದವು, ಪುಸ್ತಕದಂಗಡಿಯವನು ತಲೆಯೆಲ್ಲ ಹಣ್ಣಾಗಿ ಮನೆಗೆ ಬಂದ. ಬೇಸಿಗೆಯಲ್ಲಿ ಗಿರಣಿಗಳ ಮುಷ್ಕರ. ಅದು ಮುಗಿಯುವಷ್ಟರಲ್ಲಿ ದೇಶದ ಫುಟ್‌ಬಾಲ್ ತಂಡ ಮೊದಲ ಸಲ ಹೊರದೇಶದಲ್ಲಿ ಗೆದ್ದಿತು. ಆ ಸಂಜೆ ಬಸ್ಸಿನಲ್ಲಿ ಯಾರೂ ಟಿಕೆಟ್ ಕೊಳ್ಳಲಿಲ್ಲ, ಕಂಡಕ್ಟರೂ ಕೇಳಲಿಲ್ಲ.

ಎಲೆ ಉದುರುವ ಹೊತ್ತಿಗೆ ಬಂದದ್ದು ಆ ಆಜ್ಞೆ. ಅಕ್ಕಪಕ್ಕದ ದೇಶಗಳಲ್ಲಿರುವಂತೆ ಇನ್ನು ಮುಂದೆ ನಮ್ಮಲ್ಲೂ ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗಕೂಡದು, ಬಲಬದಿಯಲ್ಲೇ ಹೋಗಬೇಕು. ಗೋಡೆ ಗೋಡೆಗೂ ಬಾಣದ ಗುರುತು. ರೇಡಿಯೊದಲ್ಲಿ ಅದಕ್ಕೊಂದು ಹಾಡು. ನಿದ್ದೆಗಣ್ಣಲ್ಲೂ ಮರೆಯಬಾರದೆಂದು ಡ್ರೈವರುಗಳು ಬಲ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಂಡರು.

ಡಿಪೋದಲ್ಲಿ ನಡೆದ ಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಯುವಕ ಎದ್ದು ನಿಂತ. ಊರಿನ ನಡುವೆ ಹಾದುಹೋಗುವ ಮಾರ್ಗದ ಡ್ರೈವರ್ ಅವನು. ಮಾತು ಕಡಿಮೆ.

"ಸಾರ್, ಬಸ್ಸಿನ ಬಾಗಿಲು ಎಡಕ್ಕಿದೆ. ನಾವು ಬಲಬದಿಗೆ ಹೋದ್ರೆ ಜನ ಫುಟ್‌ಪಾತಿಗೆ ಇಳಿಯಲ್ಲ, ನಡುರಸ್ತೆಗೆ ಇಳೀತಾರೆ."

"ಬಾಗಿಲು ಬದಲಾಯಿಸೋ ಕೆಲಸ ನಡೀತಾ ಇದೆ. ನಿಮ್ಮ ಬಸ್ಸುಗಳ ಸರದಿ ಬರೋಕೆ ಒಂದಷ್ಟು ತಿಂಗಳು ಬೇಕು," ಎಂದ ಡಿಪೋದ ಅಧಿಕಾರಿ.

"ಅಲ್ಲೀವರೆಗೂ?"

"ಅಲ್ಲೀವರೆಗೂ ಜನ ನೋಡ್ಕೊಂಡು ಇಳೀಬೇಕಪ್ಪ. ಇಡೀ ದೇಶ ದಿಕ್ಕು ಬದಲಾಯಿಸ್ತಾ ಇದೆ, ನಿಂಗೆ ಬಾಗಿಲಿನ ಚಿಂತೆ!"

ಸಭೆಯೆಲ್ಲ ಗೊಳ್ಳೆಂದಿತು. ಡ್ರೈವರೂ ನಾಚಿಕೊಂಡು ನಕ್ಕು ಕೂತ.

*

ಸ್ಮಶಾನಕ್ಕೆ ಹೋಗುವ ವ್ಯಾನಿನಲ್ಲಿ ಪೆಟ್ಟಿಗೆಯ ಒಂದು ಪಕ್ಕ ತಾಯಿ ಮಗಳು, ಇನ್ನೊಂದು ಪಕ್ಕ ಕಂಡಕ್ಟರ್ ಮತ್ತು ಅಳಿಯ ಕೂತಿದ್ದರು. ಹಿಂದೆ ಡಿಪೋದ ಹಳಬರು ಒಂದು ಬಸ್ಸಿನಲ್ಲಿ ಬರುತ್ತಿದ್ದರು.

"ಹಳಬರೆಲ್ಲ ಬಂದಿದ್ದಾರೆ," ಎಂದ ಕಂಡಕ್ಟರ್. "ಕೆಳಗೆ ಒಬ್ಬ 'ಅಡ್ಡಬಸ್ಸಿನ ಮನೆ ಯಾವುದು' ಅಂತ ಕೇಳ್ತಿದ್ದ. ಪಾಪ, ನಿಜವಾದ ಹೆಸರು ಅವನಿಗೆ ಗೊತ್ತೇ ಇಲ್ಲ."

"ನಂಗೆ ಆ ಹೆಸರು ಕೇಳಿದ್ರೆ ಮೈ ಉರಿಯುತ್ತೆ ಮಾಮ," ಎಂದಳು ಮಗಳು. "ಯಾವತ್ತೋ ಒಂದು ದಿನ ಬಸ್ಸು ಕೆಟ್ಟು ನಡುರಸ್ತೇಲಿ ನಿಂತಿದ್ದಕ್ಕೆ ಜೀವನಪೂರ್ತಿ ಅಡ್ಡಹೆಸರು. ಬಡ್ತೀನೂ ಇಲ್ಲ. ಅದೇ ಬಸ್ಸಲ್ಲಿ ಕಂಡಕ್ಟರಾಗಿದ್ದ ನೀವು ಮ್ಯಾನೇಜರ್ ಆಗಿ ರಿಟೈರಾದ್ರಿ, ಅಪ್ಪ ಕೊನೇತನಕ ಅದೇ ಸ್ಟೀರಿಂಗ್. ಕಾಲೇಜಿಗೆ ಹೋಗೋವಾಗ ಒಂದು ಸಲ ಜಗಳಾನೇ ಆಡಿದ್ದೆ. ನಿಮಗೆ ಬಾಯೇ ಇಲ್ಲ ಅಪ್ಪ, ಯಾರು ಏನಂದ್ರೂ ತಲೆ ತಗ್ಗಿಸ್ತೀರಿ ಅಂದಿದ್ದೆ."

ಕಂಡಕ್ಟರ್ ಅವಳ ಮುಖವನ್ನೇ ನೋಡಿದ. "ಬಸ್ಸು ಕೆಟ್ಟು ನಿಂತಿತ್ತು ಅಂತ ಯಾರು ಹೇಳಿದ್ರಮ್ಮ?"

"ಅಪ್ಪಾನೇ."

ಕಂಡಕ್ಟರ್ ಮುದುಕಿಯ ಕಡೆ ತಿರುಗಿದ. "ಅತ್ತಿಗೆ?"

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿಬಿಡಿ. ಇನ್ನು ಬೇಡ ಅನ್ನೋರು ಯಾರಿದ್ದಾರೆ?"

*

ದಿಕ್ಕು ಬದಲಾದ ದಿನ ರಸ್ತೆಯ ಎರಡೂ ಕಡೆ ಜನವೋ ಜನ. ಕಾರುಗಳು ಬಲಬದಿಯಲ್ಲಿ ಹೋಗುವುದನ್ನು ನೋಡಲು ಜನ ಕುರ್ಚಿ ತಂದು ಕೂತಿದ್ದರು. ಸೈಕಲ್ಲಿನವರು ಅಭ್ಯಾಸಬಲದಿಂದ ಎಡಕ್ಕೆ ಹೋಗಿ, ಪೊಲೀಸರಿಂದ ಬೈಸಿಕೊಂಡು, ಇಳಿದು ತಳ್ಳಿಕೊಂಡು ನಡೆದರು. ಸಾರಿಗೆ ಮಂತ್ರಿ ಹೂವಿನಿಂದ ಸಿಂಗರಿಸಿದ ಕಾರಿನಲ್ಲಿ ರೈಲ್ವೆ ನಿಲ್ದಾಣದಿಂದ ಪುರಭವನದವರೆಗೆ ಮೆರವಣಿಗೆ ಬರುವವನಿದ್ದ.

ಡ್ರೈವರ್ ಮೊದಲ ಸ್ಟಾಪಿನಲ್ಲಿ ಬಸ್ಸನ್ನು ಫುಟ್‌ಪಾತಿನ ಪಕ್ಕಕ್ಕೆ ಒಯ್ಯಲಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ರಸ್ತೆಗೆ ಗೇಟು ಹಾಕಿದ ಹಾಗೆ ಅಡ್ಡ ನಿಲ್ಲಿಸಿದ.

"ಏನೋ ಇದು!" ಎಂದು ಕಂಡಕ್ಟರ್ ಕಿರುಚಿದ.

"ಜನ ಇಳೀಲಿ. ಎಲ್ಲರೂ ಫುಟ್‌ಪಾತ್ ಹತ್ತಿದ ಮೇಲೆ ರೈಟ್ ಹೇಳು."

ಎರಡೂ ಕಡೆಯಿಂದ ಹಾರನ್ನುಗಳು ಬೊಬ್ಬೆ ಹೊಡೆದವು. ಇಳಿದವರು ಮಾತ್ರ ಖಾಲಿ ರಸ್ತೆಯಲ್ಲಿ ನಿಶ್ಚಿಂತೆಯಿಂದ ದಾಟಿಹೋದರು. ಎರಡನೇ ಸ್ಟಾಪಿನಲ್ಲೂ ಹೀಗೇ, ಮೂರನೆಯದರಲ್ಲೂ ಹೀಗೇ. ಮಾರುಕಟ್ಟೆಯ ಸ್ಟಾಪಿನಲ್ಲಿ ಬಸ್ಸು ಅಡ್ಡ ನಿಂತಾಗ ಹಿಂದೆ ಸೈರನ್ ಕೇಳಿಸಿತು. ಮಂತ್ರಿಯ ಕಾರು ಬಂದಿತ್ತು.

ಇನ್ಸ್‌ಪೆಕ್ಟರ್ ಓಡಿಬಂದು ಬಸ್ಸಿನ ಮೈಗೆ ಲಾಠಿಯಿಂದ ಬಡಿದ. "ತೆಗಿಯೋ ಬಸ್ಸು! ಹಿಂದೆ ಯಾರಿದ್ದಾರೆ ಗೊತ್ತಾ?"

"ಇನ್ನೊಬ್ಬರು ಇಳೀಬೇಕು ಸಾರ್."

ಇನ್ನೊಬ್ಬರೆಂದರೆ ಕೈಗವಸು ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ಹುಡುಗಿ. ಚಿಕ್ಕವಳಿದ್ದಾಗ ಪೋಲಿಯೊ ತಗುಲಿ ಅವಳ ಒಂದು ಕಾಲು ಸಣಕಲಾಗಿತ್ತು. ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ ಕಟ್ಟಿದ್ದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಇನ್ನೊಂದು ಕಾಲನ್ನು ಕೈಯಿಂದ ಎತ್ತಿಡಬೇಕಿತ್ತು. ಒಳಗಿನವರು, ಹೊರಗಿನವರು, ಪೊಲೀಸರು ಎಲ್ಲರೂ ಒಂದೇ ಸಮನೆ, "ಬೇಗ ಇಳಿಯಮ್ಮಾ, ಬೇಗ ಬೇಗ!" ಎನ್ನುತ್ತಿದ್ದರು. ಅವಳ ಮುಖ ಬಿಳುಚಿಕೊಂಡಿತು.

"ನಾನು ಮುಂದಿನ ಸ್ಟಾಪಲ್ಲಿ ಇಳೀತೀನಿ. ನೀವು ಹೋಗಿ," ಎಂದಳು.

ಡ್ರೈವರ್ ತಿರುಗಿ ನೋಡಿದ. "ನಿಮ್ಮ ಸ್ಟಾಪು ಇದೇ ಅಲ್ವಾ?"

"ಹೌದು."

"ಮತ್ತೆ? ನಿಧಾನಕ್ಕೆ ಇಳೀರಿ."

ಹಾಗೆಂದು ಅವನು ಎಂಜಿನ್ ಆಫ್ ಮಾಡಿದ. ಇಷ್ಟು ಹೊತ್ತು ಗಡಗಡ ನಡುಗುತ್ತಿದ್ದ ಬಸ್ಸು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಕೂಗುತ್ತಿದ್ದವರಿಗೂ ಏಕೋ ಕೂಗಲು ಮನಸ್ಸಾಗಲಿಲ್ಲ. ಹುಡುಗಿ ಇಳಿದಳು. ರಸ್ತೆ ದಾಟಿದಳು. ಫುಟ್‌ಪಾತ್ ಹತ್ತಿ, ಉಸಿರು ತಗೊಂಡು, ಹಿಂತಿರುಗಿ ನೋಡಿದಳು. ಆಮೇಲೆ ಅವನು ಎಂಜಿನ್ ಶುರು ಮಾಡಿದ.

*

"ಮಂತ್ರಿ ಏನೂ ಅನ್ನಲಿಲ್ಲ," ಎಂದ ಕಂಡಕ್ಟರ್. ಮಣ್ಣು ಮುಚ್ಚಿ ಆಗಿತ್ತು. ಹಳಬರೆಲ್ಲ ಬಂದ ಬಸ್ಸಿನ ಕಡೆ ಹೋಗುತ್ತಿದ್ದರು. ಮನೆಯವರು ಮಾತ್ರ ಮರದ ಕೆಳಗಿನ ಕಲ್ಲುಬೆಂಚಿನ ಹತ್ತಿರ ಉಳಿದಿದ್ದರು. "ಸಿಟ್ಟು ಬಂದಿದ್ದು ಮೇಲಿನವರಿಗೆ. ಮಾರನೇ ದಿನವೇ ಡ್ರೈವಿಂಗಿಂದ ತೆಗೆದು ಬಸ್ಸು ತೊಳೆಯೋಕೆ ಹಾಕಿದ್ರು. ಬಾಗಿಲೆಲ್ಲ ಬದಲಾದ ಮೇಲೇನೇ ಅವನಿಗೆ ಮತ್ತೆ ಸೀಟು ಸಿಕ್ಕಿದ್ದು. ಆ ಚಳಿಗಾಲ ನೀರಲ್ಲಿ ನಿಂತು ನಿಂತು ಅವನ ಕೈ ಹೇಗಾಗಿತ್ತು ಅಂತೀಯ!"

"ಒಡೆದುಹೋಗಿತ್ತು," ಎಂದಳು ಮುದುಕಿ. "ಕಾರ್ಖಾನೆಯಿಂದ ಬರೋವಾಗ ಡಿಪೋದ ಬೇಲಿ ಆಚೆಯಿಂದ ನೋಡಿದೆ. ವಾರ ಬಿಟ್ಟು ಒಂದು ಜೊತೆ ಕೈಗವಸು ತಗೊಂಡು ಹೋಗಿ ಕೊಟ್ಟೆ. ಏನನ್ನಬೇಕು ಗೊತ್ತಾಗದೆ, 'ಅಳತೆ ಸರಿ ಇದೆಯಾ ನೋಡಿ' ಅಂದೆ. ಅಷ್ಟು ಹೇಳೋಕೆ ಒಂದು ವಾರ ಪ್ರಾಕ್ಟೀಸ್ ಮಾಡಿದ್ದೆ."

ಅಳಿಯ ನಕ್ಕ. ಮಗಳು ನಗಲಿಲ್ಲ.

"ಮತ್ತೆ ಕೆಟ್ಟಿತ್ತು ಅಂತ ಯಾಕೆ ಹೇಳಿದ್ರು? ಇದು ಮುಚ್ಚಿಡೋ ವಿಷಯಾನಾ ಅಮ್ಮ?"

"ಮದುವೆಯಾದ ಹೊಸದು. ಯಾರದೋ ಮನೆ ಊಟಕ್ಕೆ ಹೋಗಿದ್ವಿ. ಒಬ್ಬಾಕೆ ನನ್ನೆದುರಿಗೇ ಅಂದ್ಲು, 'ಇವಳನ್ನ ಇಳಿಸೋಕೆ ಹೋಗಿ ಅವನು ಮೇಲೆ ಹತ್ತಲಿಲ್ಲ' ಅಂತ. ನಿಮ್ಮಪ್ಪ ತಟ್ಟೆಯಿಂದ ತಲೆ ಎತ್ತದೆ, 'ಇಲ್ಲ, ಅವತ್ತು ಬಸ್ಸು ಕೆಟ್ಟಿತ್ತು' ಅಂದ್ರು. ಅವತ್ತಿಂದ ಅದೇ ಕತೆ. ನಂಗೇ ಹೇಳೋರು! ಬಸ್ಸೊಳಗೆ ನಾನೇ ಇದ್ದೆ, ನನ್ನ ಮುಂದೇನೇ ಬ್ಯಾಟರಿ ಹೋಗಿತ್ತು, ವೈರು ಸುಟ್ಟಿತ್ತು ಅಂತ ಹೊಸ ಹೊಸ ರಿಪೇರಿ ಸೇರಿಸೋರು. ಕೊನೆಕೊನೆಗೆ ನಾನೂ, 'ಹಾಳಾದ್ದು ಎಂಥ ಬಸ್ಸು ಕೊಟ್ಟಿದ್ರೋ' ಅಂತ ಬೈತಿದ್ದೆ."

ಮಗಳು ತಾಯಿಯ ಪಕ್ಕ ಕೂತಳು.

"ಬಾಯಿಲ್ಲ ಅಂದಿದ್ದೆ ಅಮ್ಮ."

"ಆ ರಾತ್ರಿ ನಂಗೆ ಹೇಳಿದ್ರು. 'ಮಗಳು ನನ್ನ ಥರ ಅಲ್ಲ, ಜೋರಿದ್ದಾಳೆ' ಅಂತ. ಖುಷೀಲೇ ಇದ್ರು."

*

ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಕಂಡಕ್ಟರ್ ಚಹಾ ಕುಡಿದು, ಅತ್ತಿಗೆಗೆ ನಾಳೆ ಬರುತ್ತೇನೆಂದು ಹೇಳಿ ಹೋದ. ಅಳಿಯ ಸಾಲ ತಂದ ಕುರ್ಚಿಗಳನ್ನು ಟೈಲರ್ ಮನೆಗೆ ಮುಟ್ಟಿಸಲು ಹೋದ. ರಾತ್ರಿ ಹೊದೆಯಲು ಇನ್ನೊಂದು ಕಂಬಳಿ ಬೇಕೆಂದು ಮಗಳು ಅಪ್ಪನ ಮಂಚದ ಕೆಳಗಿನ ಮರದ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದಳು.

ಒಳಗೆ ಕಂಬಳಿ ಇರಲಿಲ್ಲ. ಶೂಗಳಿದ್ದವು. ಕಪ್ಪು, ಕಂದು, ಕಟ್ಟುವಂಥವು, ಬಕಲ್ ಇರುವಂಥವು, ಒಂದಕ್ಕೊಂದು ಜೊತೆಯಿಲ್ಲ. ಎಡಗಾಲಿನವೆಲ್ಲ ದೊಡ್ಡವು, ಬಲಗಾಲಿನವೆಲ್ಲ ಚಿಕ್ಕವು. ಯಾವುದರ ಅಟ್ಟೆಗೂ ನೆಲ ತಾಗಿರಲಿಲ್ಲ.

"ಇವೇನಮ್ಮ?"

ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನನ್ನವೇ. ಎರಡು ಕಾಲಿಗೆ ಎರಡು ಅಳತೆ ಅಲ್ವಾ, ಯಾವಾಗ್ಲೂ ಎರಡು ಜೊತೆ ಕೊಳ್ಳಬೇಕಿತ್ತು. ಎಡಕ್ಕೆ ಚಿಕ್ಕದು, ಬಲಕ್ಕೆ ದೊಡ್ಡದು ನಾನು ಹಾಕ್ಕೊಂಡ ಮೇಲೆ ಉಳಿದವು ಇವು. ಎಸೀರಿ ಅಂದ್ರೆ ನಿಮ್ಮಪ್ಪ ಕೇಳ್ತಿರಲಿಲ್ಲ."

"ಇಟ್ಕೊಂಡು ಏನು ಮಾಡೋದಂತೆ?"

"ಈ ಊರಲ್ಲೇ ಎಲ್ಲೋ ಒಬ್ಬಳು ಇರ್ತಾಳೆ, ನಿಂಗೆ ಪೂರ್ತಿ ಉಲ್ಟಾ ಅಳತೆಯವಳು, ಇವತ್ತಲ್ಲ ನಾಳೆ ಬಸ್ಸು ಹತ್ತೇ ಹತ್ತುತಾಳೆ ಅನ್ನೋರು."

ಮಗಳು ಒಂದು ಶೂ ಎತ್ತಿ ಬೆಳಕಿಗೆ ಹಿಡಿದಳು. ತೀರ ಹಳೆಯ ಮಾದರಿಯದು, ಅವಳು ಹುಟ್ಟುವುದಕ್ಕೂ ಮುಂಚಿನದಿರಬೇಕು. ಚರ್ಮ ಎಲ್ಲೂ ಬಿರಿದಿರಲಿಲ್ಲ. ತುದಿಯಿಂದ ಹಿಮ್ಮಡಿಯವರೆಗೆ ಪಾಲಿಶ್ ಹಚ್ಚಿ ಉಜ್ಜಿದ್ದರು. ಹೊಸ ಲಾಡಿಗಳನ್ನು ತೂರಿಸಿ, ಯಾರೋ ಈಗಲೇ ಬಂದು ಕಾಲು ತೂರಿಸಲೆಂದು ಸಡಿಲ ಬಿಟ್ಟಿದ್ದರು.