ಹಸಿರು ಬಣ್ಣದ ಮಂಚ

ಹೆಣ ಹೊರಲು ಮಸೀದಿಯಿಂದ ತಂದ ಮಯ್ಯತ್ ಮಂಚವನ್ನು ಅಂಗಳದಲ್ಲಿ ಇಳಿಸುತ್ತಿದ್ದಂತೆ ಬಾಸಿತ್ ಅದರ ಕಬ್ಬಿಣದ ಹಿಡಿಗೆ ಹೆಬ್ಬೆರಳು ಒತ್ತಿದ. ಹಸಿರು ಬಣ್ಣದಡಿಯ ಗುಳ್ಳೆ ಪಿಚಕ್ಕೆಂದಿತು.

“ಮಾಮ, ಬೇರೆ ಮಸೀದಿಯ ಮಂಚ ತರಿಸುವಾ?” ಎಂದು ಅರ್ಶದನ ಕಿವಿಯಲ್ಲಿ ಕೇಳಿದ.

“ಎಂತಕ್ಕೆ ಮಾರಾಯ? ನೀನೇ ಪೇಂಟ್ ಹೊಡೆದದ್ದಲ್ವಾ, ಚಂದ ಹೊಳೀತಾ ಉಂಟು!”

ಒಳಗೆ ಬಿಳಿ ಬಟ್ಟೆಯಲ್ಲಿ ಮಲಗಿದ್ದ ಬಾಸಿತನ ಬಾಪ ನೂರ್ ಮುಹಮ್ಮದರಿಗೆ ಹೊಳಪಿನ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಬಂದರಿನ ಎಣ್ಣೆ ಟ್ಯಾಂಕು, ಕ್ರೇನುಗಳ ಪೇಂಟ್ ಎಲ್ಲಿ ಉಬ್ಬಿದೆ, ತುಕ್ಕು ಎಲ್ಲಿ ಇಣುಕಿದೆ ಎಂದು ನೋಡುವುದರಲ್ಲೇ ಅವರ ಆಯಸ್ಸು ಕಳೆಯಿತು. ಮದುವೆಗೆ ಹೋದರೂ ಸಭಾಂಗಣದ ಕಂಬಕ್ಕೆ ಉಗುರು ಗೀರುವ ಆಸಾಮಿ! “ಬಿರಿಯಾನಿ ಹೇಗಿತ್ತು ಅಂದ್ರೆ ಕಂಬದ ಸುದ್ದಿ ಹೇಳ್ತೀರಲ್ಲ” ಎಂದು ಹೆಂಡತಿ ಮೈಮೂನಾ ರೇಗುತ್ತಿದ್ದಳು.

*

ರಮಝಾನಿಗೆ ಮುಂಚೆ ಮಂಚಕ್ಕೆ ಬಣ್ಣ ಬಳಿದವನು ಪೇಂಟಿಂಗ್ ಕಂಟ್ರಾಕ್ಟರ್ ಬಾಸಿತನೇ. ಬಾಪ ಬಂದು ಟೇಪ್ ಅಂಟಿಸಿ ಎಳೆದರು. ಟೇಪಿನ ಜೊತೆ ಬಣ್ಣವೂ ಬಂತು.

“ತೊಳೆಯದೆ ಬಳಿದಿದ್ದೀ. ಕಡಲ ಗಾಳಿಯ ಉಪ್ಪು ಒಳಗೇ ಉಂಟು. ಕೆರೆದು ತೊಳಿ. ಬೆರಳು ಸವರಿ ನಾಲಗೆಗೆ ಮುಟ್ಟಿಸು. ಉಪ್ಪಿಲ್ಲದಿದ್ರೆ ಮಾತ್ರ ಬಣ್ಣ.”

“ಇದೆಂತ ಎಣ್ಣೆ ಟ್ಯಾಂಕಾ ಬಾಪ? ಮಲಗುವವರಿಗೆ ಗೊತ್ತಾಗ್ತದಾ?”

“ಹೊರುವವರ ಕೈಗೆ ಗೊತ್ತಾಗ್ತದೆ.”

ನಾಲ್ಕು ಜನರೆದುರು ಮರ್ಯಾದೆ ಹೋಯಿತೆಂದು ಬಾಸಿತ್ ಮುಖ ತಿರುಗಿಸಿ ನಡೆದ. ಆಮೇಲೆ ಅವರಿಬ್ಬರ ನಡುವೆ ಊಟ ಆಯ್ತಾ ಎನ್ನುವಷ್ಟೇ ಮಾತು. ಕೆರೆಯುವ ಕೆಲಸ ಇವತ್ತು ನಾಳೆ ಎಂದು ಉಳಿದೇಹೋಯಿತು. ನಿನ್ನೆ ಸಂಜೆ ನಮಾಝಿಗೆ ಕೈಕಾಲು ತೊಳೆಯುತ್ತಿದ್ದ ಬಾಪ ಅಲ್ಲೇ ಕುಸಿದರು.

*

ಮಂಚ ಹೊತ್ತವರು ಹೆಗಲು ಬದಲಿಸುತ್ತಾ ಬೋಳಾರದ ರಸ್ತೆಯಲ್ಲಿ ಸಾಗಿದರು. ಬಾಪನ ಜೊತೆ ಟ್ಯಾಂಕು ಹತ್ತಿಳಿದ ನಿತ್ಯಾನಂದರೂ ತಿರುವಿನಲ್ಲಿ ಬಂದು ಹೆಗಲು ಕೊಟ್ಟರು. ಹಿಡಿದಲ್ಲೆಲ್ಲ ಬಣ್ಣ ಜರುಗುವುದು ಬಾಸಿತನ ಕೈಗೆ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಅವನು ತಲೆ ಎತ್ತಲಿಲ್ಲ.

ದಫನ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಬಾಸಿತನ ಕೈ ಹಿಡಿದರು. ಹೊತ್ತವರ ಅಂಗೈಗಳಲ್ಲಿ ಹಸಿರು ಚಕ್ಕೆಗಳಿದ್ದವು. ಎಲ್ಲರೂ ಮಣ್ಣಿನ ಜೊತೆ ಅವನ್ನೂ ಕೊಡವಿಕೊಂಡರು. ನಿತ್ಯಾನಂದರು ಮಾತ್ರ ತಮ್ಮ ಅಂಗೈಯನ್ನೇ ನೋಡುತ್ತ ನಿಂತರು.

“ತೊಳೀಲಿಲ್ವಾ ಬಾಸಿತ್?”

“ಇಲ್ಲ ನಿತ್ಯಣ್ಣ. ಬಾಪ ಹೇಳಿದ್ರು, ನಾನು ಕೇಳ್ಲಿಲ್ಲ.”

ಬೆಳಗ್ಗಿನಿಂದ ತಡೆದಿಟ್ಟ ಅಳು ಆಗ ಒತ್ತರಿಸಿ ಬಂತು.

ಸಂಜೆ ಮಸೀದಿಯ ಹಿಂದೆ, ಕೆರೆದು ಬರಿಗಬ್ಬಿಣವಾಗಿದ್ದ ಮಂಚಕ್ಕೆ ಬಾಸಿತ್ ಪೈಪಿನಿಂದ ನೀರು ಬಿಟ್ಟ. ಹಿಡಿಯ ಮೇಲೆ ಬೆರಳು ಸವರಿ ನಾಲಗೆಗೆ ಮುಟ್ಟಿಸಿದ. ಇನ್ನೂ ಉಪ್ಪುಪ್ಪು. ಮತ್ತೆ ನೀರು ಬಿಟ್ಟ.