ವಾಸನೆಯಿಲ್ಲದ ಎಣ್ಣೆ

ಜಾವಗಲ್ಲಿನ ಉಷಾರಾಣಿಯ ಗಾಣ ತಿರುಗಿದರೆ ಬೀದಿಯ ತಿರುವಿನವರೆಗೂ ಕೊಬ್ಬರಿಯ ಘಮ ಹಬ್ಬುತ್ತಿತ್ತು. ಅದೇ ಅವಳ ಹೆಮ್ಮೆ. ಆದರೆ ಹೊರದೇಶಕ್ಕೆ ಕಳಿಸಿದ್ದ ಸ್ಯಾಂಪಲ್ ಬಾಟಲಿಗಳಿಗೆ ಉತ್ತರ ಬಂದಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜರ್ಮನಿಯ ಅಂಗಡಿಯಾಕೆ ‘ವಾಸನೆ ವಿಪರೀತ, ಹಳೆಯ ಮಾಲೇ?’ ಎಂದು ಕೇಳಿದ್ದಳು. ದುಬೈ ವ್ಯಾಪಾರಿಗೆ ವಾಸನೆ ಹಿಡಿಸಿತ್ತು, ಬೆಲೆ ಹಿಡಿಸಿರಲಿಲ್ಲ. ‘ಇಷ್ಟು ಅಗ್ಗವಾದರೆ ಗಿರಾಕಿಗಳು ಕಲಬೆರಕೆ ಅಂತಾರೆ, ಏರಿಸಿ’ ಎಂದಿದ್ದ.

“ಅವ್ರೇ ಏರ್ಸು ಅನ್ನುವಾಗ ನಿಂಗೇನು ಕಷ್ಟ?” ಎಂದ ಗಂಡ ಚನ್ನೇಶ್.

“ಇಲ್ಲಿ ಎಲ್ರೂ ಇಳ್ಸು ಅಂತಾರಲ್ರೀ. ಎಣ್ಣೆ ಒಂದೇ ಅಲ್ವಾ?”

ಆದರೂ ದುಬೈಗೆ ಬೆಲೆ ಏರಿಸಿದಳು. ಜರ್ಮನಿಗಾಗಿ ಹಸಿಕಾಯಿ ತುರಿದು, ಹದವಾಗಿ ಒಣಗಿಸಿ ಗಾಣಕ್ಕೆ ಹಾಕಿದಳು. ವಾಸನೆ ಇಲ್ಲವೆನ್ನುವಂಥ, ನೀರಿನಂತೆ ತಿಳಿಯಾದ ಎಣ್ಣೆ ಬಂತು. ಜರ್ಮನಿಯಾಕೆ ಅದನ್ನು ಮೆಚ್ಚಿಕೊಂಡಳು. ಅದೇ ಉಮೇದಿನಲ್ಲಿ ಊರವರ ಕ್ಯಾನುಗಳಿಗೂ, ಹಳೆಯ ಬೆಲೆಗೇ, ಹೊಸ ಎಣ್ಣೆ ತುಂಬಿ ಕೊಟ್ಟಳು.

ವಾರದೊಳಗೆ ಮಾದಿಹಳ್ಳಿಯ ರುದ್ರಮ್ಮ ಬಸ್ಸಿಳಿದು ಬಂದವಳೇ ಕ್ಯಾನನ್ನು ಜಗಲಿಯ ಮೇಲೆ ಕುಕ್ಕಿದಳು. ಎಷ್ಟೋ ವರ್ಷಗಳ ಗಿರಾಕಿ ಆಕೆ.

“ಮನೇಲಿ ಬಾಣಂತಿ ಅವ್ಳೆ, ಎಳೆಗೂಸು ಐತೆ. ಅದರ ಮೈಗೆ ತಿಕ್ಕೋ ಎಣ್ಣೆ ಕಣೇ ಇದು! ಕೊಬ್ರಿ ವಾಸ್ನೇನೇ ಇಲ್ಲ, ಏನ್ ಬೆರ್ಸಿದ್ದೀಯ?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ತನ್ನ ಕ್ಯಾನನ್ನು ಮೆಲ್ಲಗೆ ಸೆರಗಿನ ಮರೆಗೆ ಎಳೆದುಕೊಂಡಳು. ಉಷಾರಾಣಿ ಗಾಣದ ಕಡೆ ತಿರುಗಿದಳು.

“ಕೂತ್ಕಳಿ ರುದ್ರಮ್ಮೋರೆ. ನಿಮ್ಮೆದುರಿಗೇ ಆಡಿಸ್ತೀನಿ.”

ಹಸಿಕಾಯಿಯ ಹೊಸ ಬಗೆಯನ್ನೂ ಕೊಬ್ಬರಿಯ ಹಳೆಯ ಬಗೆಯನ್ನೂ ಒಂದಾದ ಮೇಲೊಂದು ಆಡಿಸಿದಳು. ರುದ್ರಮ್ಮ ಮಿಸುಕದೆ ಕೂತು ನೋಡಿದಳು. ಎರಡನ್ನೂ ಅಂಗೈಗೆ ಹಾಕಿ ತಿಕ್ಕಿದಳು, ನಾಲಿಗೆಗೂ ಮುಟ್ಟಿಸಿದಳು.

“ಮೋಸ ಇಲ್ಲ ಬಿಡವ್ವ. ಅನ್ನಬಾರದ್ದು ಅಂದ್ಬಿಟ್ಟೆ. ಆದ್ರೂ ಮಗೀಗೆ ಆ ಘಮ್ ಅನ್ನೋದೇ ಕೊಡು,” ಎಂದವಳು, ಕ್ಯಾನು ತುಂಬಿದ್ದೇ ತಡ, “ರೇಟು ಒಸಿ ಇಳ್ಸು ಮತ್ತೆ” ಎಂದಳು.

ಉಷಾರಾಣಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಇಳಿಸಿಯೇ ಕೊಟ್ಟಳು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮಧ್ಯಾಹ್ನ ದುಬೈಯಿಂದ ಏರಿಸಿದ ಬೆಲೆಗೇ ದೊಡ್ಡ ಆರ್ಡರ್ ಬಂತು. ಚನ್ನೇಶ್ ಹಿಗ್ಗಿದ. ರುದ್ರಮ್ಮನಿಗೆ ಇಳಿಸಿ ಕೊಟ್ಟ ಎಣ್ಣೆಯನ್ನೇ ಅಲ್ಲಿಗೆ ಏರಿಸಿ ಮಾರುವುದು ಹೇಗೆಂದು ಅವಳು ಮಾತ್ರ ಒಳಗೂ ಹೊರಗೂ ಓಡಾಡುತ್ತಲೇ ಇದ್ದಳು. ಕೊನೆಗೆ ಎರಡು ಬಗೆಯನ್ನೂ ಆಡಿಸಿ, ಯಾರಿಗೆ ಯಾವುದು ಬೇಕೋ ಅದನ್ನು ಕೊಡುವುದೆಂದಾಯಿತು.

ಮಾರನೆಯ ದಿನ ಅರಸೀಕೆರೆಯಿಂದ ಹೊಸ ಗಿರಾಕಿಯೊಬ್ಬ ಬಂದು, “ಎರಡರಲ್ಲಿ ಯಾವುದು ಒಳ್ಳೇದಮ್ಮಾ?” ಎಂದು ಕೇಳಿದ. ಹಿಂದೆಲ್ಲ ಒಳ್ಳೇ ಎಣ್ಣೆ ಯಾವುದೆಂದರೆ ‘ಘಮ ಇರೋದೇ’ ಎಂದುಬಿಡುತ್ತಿದ್ದಳು. ಈಗ ಎರಡೂ ಎಣ್ಣೆಯ ತೊಟ್ಟುಗಳನ್ನು ಅವನ ಒಂದೊಂದು ಅಂಗೈಗೆ ಬಿಟ್ಟು, ಯಾವುದು ಹಿಡಿಸೀತೆಂದು ಅವನ ಮುಖವನ್ನೇ ನೋಡುತ್ತ ನಿಂತಳು.