ಚಾವಣಿಗೆ ಬಾಗಿಲಿನ ಬಣ್ಣ

ಬೆಳಿಗ್ಗೆ ಕೋಣೆಗೆ ಕಾಲಿಟ್ಟ ಕೂಡಲೇ, ರಾತ್ರಿಯಿಡೀ ತೆರೆದಿದ್ದ ಕಿಟಕಿಯ ಬೆಳಕಿನಲ್ಲಿ ಪೇಂಟರ್ ತಲೆಯೆತ್ತಿ ನೋಡಿದ. ಒಣಗಿದ ಮೇಲೆ ಹೊಳಪಿಲ್ಲದೆ, ತಣ್ಣಗೆ ಬೆಳ್ಳಗೆ ಇರಬೇಕಾಗಿದ್ದ ಚಾವಣಿ ಈಗತಾನೇ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಹಳೆಯ ಗಾರೆಯ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತಿದ್ದವು.

ಹಿಂದೆಯೇ ಬಂದ ಹೆಂಡತಿಯೂ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ನೆನಪಾಗಿ ಮುಚ್ಚಿಕೊಂಡಳು. ಇಬ್ಬರೂ ಮಾತು ಬಿಟ್ಟು ಆಗಲೇ ವಾರವಾಗುತ್ತ ಬಂದಿತ್ತು.

ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ಮನೆಯ ಯಜಮಾನರ ಎದುರಿಗೇ ಅವಳು ತಮಾಷೆಗೆ, "ಇವರಿಗೂ ವಯಸ್ಸಾಯ್ತು ಸಾರ್, ಗೆರೆ ಮೊದಲಿನ ಹಾಗೆ ನೆಟ್ಟಗೆ ಬರಲ್ಲ" ಅಂದಿದ್ದಳು. ಗೋಡೆಯೂ ಚಾವಣಿಯೂ ಸೇರುವ ಕಡೆ ಬರಿಗೈಯಲ್ಲಿ ಗೆರೆ ಎಳೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಬೀಗುವ ಮನುಷ್ಯ ಅವನು. ಮುಖ ಊದಿಸಿಕೊಂಡ. ಅವಳೂ, ಇಷ್ಟಕ್ಕೆಲ್ಲ ಇಷ್ಟು ಬಿಂಕವೇ ಎಂದು ಊದಿಸಿಕೊಂಡಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಎಷ್ಟೋ ಸಲ ಉಂಡರು, ಎಷ್ಟೋ ಸಲ ಮಲಗಿದರು, ಜಗಳ ಮಾತ್ರ ಇವರಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಆದರೂ ಕೆಲಸ ನಿಲ್ಲದಿದ್ದುದು ಹಿರಿಯಮ್ಮನವರಿಂದ. ಯಜಮಾನರ ತಾಯಿ ಅವರು. ಸೊಂಟ ಮುರಿದುಕೊಂಡು ಒಂದೂವರೆ ವರ್ಷದಿಂದ ಇದೇ ಮಹಡಿಯ ಕೋಣೆಯಲ್ಲಿ ಮಲಗಿದ್ದರು. "ಅಮ್ಮಾ, ಗೋಡೆ ಉಜ್ಜೋ ಉಪ್ಪುಕಾಗದ ಎಲ್ಲಿಟ್ಟಿದ್ದಾರೋ ಸ್ವಲ್ಪ ಕೇಳಿ" ಎಂದು ಅವನು ಗೋಡೆಯನ್ನು ನೋಡುತ್ತ ಹೇಳುವನು. "ಅವರ ಜೇಬಲ್ಲೇ ಇದೆ ಅಂತ ಹೇಳಿ ಅಮ್ಮಾ" ಎಂದು ಅವಳು ಕಿಟಕಿಗೆ ಹೇಳುವಳು. "ನನ್ನನ್ನೇನು ಅಂಚೆ ಕಚೇರಿ ಅಂದ್ಕೊಂಡಿದ್ದೀರಾ" ಎಂದು ಹಿರಿಯಮ್ಮ ಗದರಿದರೂ ಅವರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅವರ ದಿನಗಳಲ್ಲಿ ಬೇರೆ ಏನು ತಾನೇ ನಡೆಯುತ್ತಿತ್ತು? ಮನೆಯ ಮುಂದೆ ಒಂದು ಕಲ್ಲುಹಾಸಿನ ದಾರಿ, ಅದರಾಚೆ ನದಿ. ಆದರೆ ಹಳೆಯ ಕಾಲದ ಕಿಟಕಿಯ ಕಟ್ಟೆ ಎತ್ತರ, ಮಂಚ ತಗ್ಗು. ಕುಳಿತುಕೊಳ್ಳಲು ಸೊಂಟ ಬಿಡುತ್ತಿರಲಿಲ್ಲ. "ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನದಿ ಮುಖ ನೋಡದೆ ನಾನು ಹಲ್ಲುಜ್ಜಿದವಳಲ್ಲ. ಈಗ ಬರೀ ಸದ್ದು ಕೇಳ್ಕೊಂಡು ಬಿದ್ದಿದ್ದೀನಿ" ಎಂದು ಅವರು ಪೇಂಟರನ ಹೆಂಡತಿಯ ಬಳಿ ಹೇಳಿದ್ದುಂಟು.

ನಿನ್ನೆ ಚಾವಣಿಗೆ ಬಣ್ಣ ಹಚ್ಚುವಾಗ ಹಿರಿಯಮ್ಮನನ್ನು ಪಕ್ಕದ ಕೋಣೆಗೆ ಸಾಗಿಸಿದರು. ಅಲ್ಲಿಗೆ ಅಂಚೆ ಕಚೇರಿ ಮುಚ್ಚಿತು. ಕೋಣೆಯಲ್ಲಿ ಎರಡು ಡಬ್ಬಿ ಇದ್ದವು, ಎರಡೂ ಬಿಳಿ. ಚಾವಣಿಯದು ಹೊಳಪಿಲ್ಲದ ಬಣ್ಣ, ಬಾಗಿಲು ಕಿಟಕಿಯದು ಹೊಳೆಯುವ ಬಣ್ಣ. ಹೆಂಡತಿ ಕಿಟಕಿಗೆಂದು ತೆರೆದಿಟ್ಟ ಡಬ್ಬಿಯನ್ನು ಪೇಂಟರ್ ಏಣಿಯ ಮೇಲಕ್ಕೆ ಒಯ್ದ. ನೆಗಡಿಯಾಗಿ ಮೂಗು ಕಟ್ಟಿತ್ತು, ಹೊಳೆಯುವ ಬಣ್ಣದ ಘಾಟು ವಾಸನೆ ಹತ್ತಲಿಲ್ಲ. ಆದರೆ ಮೊದಲ ಎಳೆತಕ್ಕೇ ಬ್ರಷ್ ಜಿಗುಟಾಗಿ ತಡೆದದ್ದು ಅವನ ಕೈಗೆ ಗೊತ್ತಾಯಿತು. ಕೇಳೋಣವೆಂದರೆ ತಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ ಎಂದು ಸುಮ್ಮನಾದ. ತಾನು ಕಿಟಕಿಗೆಂದು ತೆರೆದ ಡಬ್ಬಿಯಲ್ಲಿ ಅವನು ಅದ್ದುವುದನ್ನು ಅವಳೂ ಕಂಡಳು. ಗೊತ್ತಿಲ್ಲದವರಾ ಅವರು, ಏನೋ ಲೆಕ್ಕಾಚಾರ ಇರಬೇಕು ಎಂದುಕೊಂಡು ಉಳಿದಿದ್ದ ಡಬ್ಬಿಗೆ ಕೈ ಹಚ್ಚದೆ ಬಾಗಿಲು ಉಜ್ಜಲು ಹೋದಳು. ಹೀಗೆ ಕೆಲಸ ಬಲ್ಲ ಇಬ್ಬರು ಕಣ್ಣು ಬಿಟ್ಟುಕೊಂಡೇ ಹಳ್ಳಕ್ಕೆ ಬಿದ್ದರು.

ಬಿದ್ದ ಹಳ್ಳ ಸಣ್ಣದಲ್ಲ. ಅದುವರೆಗೆ ಅವರು ಹಚ್ಚಿದ್ದೆಲ್ಲ ಗೋದಾಮಿನ ಗೋಡೆ, ಅಂಗಡಿಯ ಷಟರು. ನದಿದಂಡೆಯ ಉದ್ದಕ್ಕೂ ಇದ್ದ ಈ ಹಳೆಯ ಮನೆಗಳ ಸಾಲು, ಆಳೆತ್ತರದ ಕಿಟಕಿಗಳು, ಚಾವಣಿಯ ಅಂಚಿನ ಗಾರೆಯ ಹೂಬಳ್ಳಿ, ಇವುಗಳ ಕೆಲಸ ಸಿಗಬೇಕೆಂಬುದು ಇಬ್ಬರ ಬಹುಕಾಲದ ಆಸೆ. ಸಾಲಿನ ಉಳಿದ ಮನೆಯವರು ಈ ಮನೆ ಹೇಗಾಗುತ್ತದೋ ನೋಡೋಣವೆಂದು ಕಾಯುತ್ತಿದ್ದರು. ಇವತ್ತು ಸಂಜೆಯೇ ಬಂದು ನೋಡುವವರಿದ್ದರು. ಒಪ್ಪಿಗೆಯಾದರೆ ಇಡೀ ಸಾಲು ಇವರದು. ಇಲ್ಲವಾದರೆ ಮತ್ತೆ ಷಟರು.

"ಅಮ್ಮಾ," ಎಂದ ಪೇಂಟರ್. ಹೊಸ ಜಾಗದಲ್ಲಿ ನಿದ್ದೆ ಬರುವುದಿಲ್ಲವೆಂದು ಹಟ ಹಿಡಿದು ಹಿರಿಯಮ್ಮ ರಾತ್ರಿಯೇ ತಮ್ಮ ಮಂಚಕ್ಕೆ ವಾಪಸಾಗಿದ್ದರು. "ಡಬ್ಬಿ ಅದಲುಬದಲಾಗಿದೆ. ಹಿಂದೆ ಮುಂದೆ ನೋಡದೆ ತೆರೆದಿಟ್ಟವರನ್ನ ಕೇಳಿ."

"ಹಚ್ಚಿದ ಕೈಗೆ ಗೊತ್ತಾಗಲಿಲ್ವಾ ಅಂತ ನೀವೇ ಕೇಳಿ ಅಮ್ಮಾ."

ಅಂಚೆ ಕಚೇರಿಗೆ ಇವತ್ತೂ ರಜೆ. ಹಿರಿಯಮ್ಮ ಮೇಲೆಯೇ ನೋಡುತ್ತಿದ್ದರು. ಪೇಂಟರ್ ಏಣಿ ಎಳೆದು, ಜೇಬಿನಿಂದ ಉಪ್ಪುಕಾಗದ ತೆಗೆದ. ಸಂಜೆಯೊಳಗೆ ಅರ್ಧವಾದರೂ ಉಜ್ಜಿ ಮೇಲೊಂದು ಕೈ ಬಣ್ಣ ಹೊಡೆದರೆ ಮಾನ ಉಳಿದೀತು.

"ಏಣಿ ಹತ್ತಿದರೆ ನೋಡು," ಎಂದರು ಹಿರಿಯಮ್ಮ. "ನಾನು ಎದ್ದು ಬರೋಕಾಗಲ್ಲ ಅಂತ ಧೈರ್ಯಾನಾ?"

ಅವನು ಒಂದು ಕಾಲು ಮೆಟ್ಟಿಲಿನ ಮೇಲಿಟ್ಟು ಹಾಗೇ ನಿಂತ. ಅಷ್ಟರಲ್ಲಿ ಯಜಮಾನರು ಬಂದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಕೈಯಲ್ಲಿ ಕನ್ನಡಕ. ಈ ಮನೆ ತನ್ನ ಮುತ್ತಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕೆಂದು ಒಂದೊಂದು ಬಣ್ಣವನ್ನೂ ತಾವೇ ನಿಂತು ಆರಿಸಿದವರು. ಕನ್ನಡಕ ಹಾಕಿಕೊಂಡು ಮೇಲೆ ನೋಡಿದರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನಯ್ಯಾ ಇದು, ಹೋಟೆಲಿನ ಅಡುಗೆಮನೆ ಮಾಡಿಟ್ಟಿದ್ದೀಯ?"

"ತಪ್ಪಾಗಿದೆ ಸಾರ್."

"ತಪ್ಪಾ? ನೂರು ವರ್ಷದ ಚಾವಣಿ. ಒಂದೊಂದು ಗುಳಿಯೂ ಎಣಿಸಬಹುದು. ಸಂಜೆ ಬರೋರಿಗೆ ಏನು ಹೇಳಲಿ? ತೆಗಿ ಎಲ್ಲಾನೂ. ತೆಗೆದು ನಿಮ್ಮ ಸಾಮಾನು ಕಟ್ಕೊಂಡು ಹೊರಡಿ, ಉಳಿದದ್ದು ಬೇರೆಯವರು ಮಾಡ್ತಾರೆ."

ಪೇಂಟರನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಅಳು ನೋಡಿದರೆ ಪೇಂಟರಿಗೆ ಕೈಕಾಲು ಆಡುವುದಿಲ್ಲ. ತಪ್ಪು ನನ್ನದೇ, ಅವಳದೇನೂ ಇಲ್ಲ ಎಂದು ಅವನು ಶುರುಮಾಡುವಷ್ಟರಲ್ಲಿ ಹಿರಿಯಮ್ಮ ಮಗನನ್ನು ಕರೆದರು.

"ಮಲಗು."

"ಏನಮ್ಮಾ?"

"ಇಲ್ಲಿ, ನನ್ನ ಮಂಚದ ಪಕ್ಕ, ಕೆಳಗೆ ಮಲಗು. ಕಿಟಕಿ ಕಡೆ ಕಾಲು ಹಾಕು."

"ಅಮ್ಮಾ, ನೆಲದ ತುಂಬ ಧೂಳು."

"ಚಿಕ್ಕವನಿದ್ದಾಗ ಮಣ್ಣೇ ತಿಂದಿದ್ದೀಯ. ಮಲಗು."

ಊರಿಗೆ ದೊಡ್ಡವರಾದರೂ ತಾಯಿಗೆ ಮಗನೇ. ಯಜಮಾನರು ಪೇಂಟರ್ ಹಾಸಿದ್ದ ಬಣ್ಣದ ಕಲೆಯ ಹಳೆ ಚಾದರದ ಮೇಲೆ ಮೊದಲು ಕುಳಿತರು, ಆಮೇಲೆ ಮೊಣಕೈ ಊರಿ, ಗೊಣಗುತ್ತ ಮಲಗಿದರು. ಗೊಣಗಾಟ ನಡುವೆಯೇ ನಿಂತಿತು.

ನಿಂತವರಿಗೆ ಕಾಣುತ್ತಿದ್ದುದು ಬರೀ ಹೊಳಪು. ಮಲಗಿದವರ ಮುಖ ಮಾತ್ರ ಬದಲಾಗುತ್ತ ಹೋಯಿತು.

"ನೀರು," ಎಂದರು ಯಜಮಾನರು, ಚಾವಣಿಯ ಹೊಳಪಿನೊಳಗೆ ಕಾಣುತ್ತಿದ್ದ ನದಿಯತ್ತ ಬೆರಳು ತೋರಿಸಿ.

"ಬೆಳಗಿನಿಂದ ನೋಡ್ತಾ ಇದ್ದೀನಿ," ಎಂದರು ಹಿರಿಯಮ್ಮ. "ಮೊದಲು ಮಂಜಿತ್ತು. ಆಮೇಲೆ ಬಾತುಕೋಳಿ ಬಂದವು, ಐದೋ ಆರೋ. ಮರಳಿನ ದೋಣಿ ಒಂದು ಹೋಯ್ತು. ಆಚೆ ದಡದಲ್ಲಿ ಯಾವಳೋ ಕೆಂಪು ಚಾದರ ಒಗೀತಿದ್ದಾಳೆ, ನೋಡು, ಆ ಗಾರೆ ಹೂವಿನ ಹತ್ತಿರ."

"ಎಲ್ಲಾ ತಲೆಕೆಳಗಾಗಿದೆಯಲ್ಲಮ್ಮಾ."

"ಆದರೇನಪ್ಪಾ, ನೀರು ಚೆಲ್ಲಲ್ವಲ್ಲ."

ಯಜಮಾನರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡರು. ಒಂದೂವರೆ ವರ್ಷ ತಾಯಿಗೆ ಯಾವ ವೈದ್ಯ, ಯಾವ ಮಾತ್ರೆ ಎಂದು ಓಡಾಡಿದ ಮನುಷ್ಯ, ಅಮ್ಮ ದಿನವಿಡೀ ಏನು ನೋಡುತ್ತಾಳೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ತುಂಬ ಹೊತ್ತು ಮಲಗಿದ್ದು, ಎದ್ದು, ಬೆನ್ನಿಗೆ ಅಂಟಿದ ಧೂಳನ್ನು ಕೊಡವಿಕೊಳ್ಳದೆಯೇ ಬಾಗಿಲ ಕಡೆ ನಡೆದರು.

"ಏಣಿ ಕೆಳಗಿಡು," ಎಂದರು ಪೇಂಟರಿಗೆ, ಮುಖ ಆದಷ್ಟು ಗಂಭೀರ ಮಾಡಿಕೊಂಡು. "ಸಂಜೆ ಬಂದೋರಿಗೆ, ಇದು ನಾನೇ ಯೋಚನೆ ಮಾಡಿ ಹೇಳಿ ಮಾಡಿಸಿದ್ದು ಅಂತೀನಿ. ನೀವು ಹೂಂ ಅಂದರೆ ಸಾಕು. ಪಕ್ಕದ ಮನೆಯವನು ಆಮೇಲೆ ತನ್ನದಕ್ಕೂ ಹೀಗೇ ಬೇಕು ಅಂತಾನೆ, ಅವನ ಸ್ವಭಾವ ನನಗೆ ಗೊತ್ತು. ಹೊಳೆಯೋ ಚಾವಣಿ ಮಾತ್ರ ಅವನಿಗೆ ಬೇಡ ಅನ್ನಿ. ಅವನದೂ ಸಾಲಿನ ಎಲ್ಲರದೂ ಉಳಿದ ಕೆಲಸವೆಲ್ಲ ಚೆನ್ನಾಗಿ ಮಾಡಿಕೊಡಿ."

ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ಗಂಡ ಹೆಂಡತಿ ನಿಂತಲ್ಲೇ ನಿಂತಿದ್ದರು. ಇಡೀ ಸಾಲು ಕೈಗೆ ಬಂದ ಹಾಗೇ ಎಂಬುದು ಇಬ್ಬರ ತಲೆಗೂ ಇನ್ನೂ ಹತ್ತಿರಲಿಲ್ಲ.

"ಬೀದಿಗೆಲ್ಲಾ ಬಣ್ಣ ಹಚ್ಚೋರು," ಎಂದರು ಹಿರಿಯಮ್ಮ, "ತಾವು ಹಚ್ಚಿದ್ದು ಏನು ಅಂತ ಒಂದು ಸಲ ನೋಡಬೇಡವಾ?"

ಮೊದಲು ಅವಳು ಮಲಗಿದಳು. ಅವಳ ಪಕ್ಕದಲ್ಲಿ, ನಡುವೆ ಒಂದು ಗೇಣು ಜಾಗ ಬಿಟ್ಟು, ಅವನು. ಬಿಳಿಯ ಬಣ್ಣದೊಳಗೆ ನೀರು ಸಣ್ಣಗೆ ಹರಿಯುತ್ತಿತ್ತು. ಒಂದು ಮೂಲೆಯಿಂದ ದೋಣಿಯೊಂದು ನಿಧಾನವಾಗಿ ಬಂತು. ಅದರಲ್ಲಿ ಹುಟ್ಟು ಹಾಕುತ್ತಿದ್ದವನ ಹಳದಿ ಟೋಪಿ ಕೂಡ ಕಾಣುತ್ತಿತ್ತು.

"ನೋಡೇ, ಅಲ್ಲಿ, ಟೋಪಿ ಹಾಕಿದ್ದಾನೆ," ಎಂದ ಪೇಂಟರ್, ಅವಳ ತೋಳು ಅಲುಗಿಸಿ. "ಕಾಣಿಸ್ತಾ?"

"ಕಾಣಿಸ್ತು," ಎಂದಳು ಅವಳು.

ಹಿರಿಯಮ್ಮ ಇಬ್ಬರ ಕಡೆಗೂ ತಿರುಗಲಿಲ್ಲ. ದೋಣಿ ಕೋಣೆಯ ಉದ್ದಕ್ಕೂ ಸಾಗಿ, ಗೋಡೆಯ ಅಂಚಿಗೆ ಬಂದು, ಗಾರೆಯ ಹೂಬಳ್ಳಿಯೊಳಗೆ ಮೆಲ್ಲನೆ ಮರೆಯಾಯಿತು.